ಆರು ಮೀಟರಿನಲ್ಲಿ 22 ಗಜ: ಮಳೆಗಾಲಕ್ಕೆ ಮನೆಯೊಳಗಿನ ಬ್ಯಾಟಿಂಗ್ ಅಭ್ಯಾಸ

ಜೂನ್ ಬಂತೆಂದರೆ ಮಲೆನಾಡು, ಕರಾವಳಿಯ ಮೈದಾನಗಳಲ್ಲಿ ಸ್ಟಂಪ್ ನೆಡುವ ಮಾತೇ ಇಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇರುವವರಿಗೆ ಮಳೆ ಇಲ್ಲದಿದ್ದರೂ ಮೈದಾನವಿಲ್ಲ. ಹೀಗಾಗಿ ಹಾಲ್, ಕಾರ್ ಪಾರ್ಕಿಂಗ್, ಮಹಡಿಯ ಶೀಟಿನ ಅಡಿ, ಎಲ್ಲಿ ಜಾಗ ಸಿಕ್ಕಿದರೆ ಅಲ್ಲಿ ಟೆನಿಸ್ ಬಾಲ್ ಎಸೆಸಿಕೊಂಡು ಆಡುವುದು ಎಲ್ಲರೂ ಮಾಡುವ ಕೆಲಸ. ಅದರಲ್ಲಿ ಬಹುಪಾಲು ವ್ಯರ್ಥವಾಗುವುದು ಒಂದೇ ಕಾರಣಕ್ಕೆ: ಮೈದಾನದ ವೇಗವನ್ನು ಮನೆಯೊಳಗೆ ತರಲು ಹೋಗುತ್ತಾರೆ. ತರಬೇಕಾದದ್ದು ವೇಗವನ್ನಲ್ಲ, ಸಮಯವನ್ನು.

ಲೆಕ್ಕ ಹೀಗಿದೆ. ಸ್ಟಂಪಿನಿಂದ ಸ್ಟಂಪಿಗೆ 22 ಗಜ, ಅಂದರೆ 20.12 ಮೀಟರ್. ಎರಡೂ ಕಡೆಯ ಪಾಪಿಂಗ್ ಕ್ರೀಸ್ (ಸ್ಟಂಪಿನ ಮುಂದೆ ಎಳೆದ ಬ್ಯಾಟಿಂಗ್ ಗೆರೆ) 1.22 ಮೀಟರ್ ಒಳಗಿರುವುದರಿಂದ ಕ್ರೀಸಿನಿಂದ ಕ್ರೀಸಿಗೆ ಉಳಿಯುವುದು 17.68. ಸರಾಸರಿ 116 ಕಿ.ಮೀ. ವೇಗದಲ್ಲಿ ಬರುವ ಚೆಂಡು ಈ ದೂರಕ್ಕೆ ಸುಮಾರು 0.55 ಸೆಕೆಂಡ್ ತೆಗೆದುಕೊಳ್ಳುತ್ತದೆ. ರಾಡಾರ್ ಗನ್ ಅಳೆಯುವುದು ಕೈಬಿಟ್ಟ ಕ್ಷಣದ ವೇಗವನ್ನು. ಗಾಳಿಯಲ್ಲೂ ಪಿಚ್ ಬಿದ್ದಾಗಲೂ ಚೆಂಡು ನಿಧಾನವಾಗುವುದರಿಂದ ಇದೇ ಚೆಂಡಿಗೆ ಗನ್ 116ಕ್ಕಿಂತ ಹೆಚ್ಚೇ ತೋರಿಸುತ್ತದೆ. ಈಗ ಎಸೆಯುವವರು ಆರು ಮೀಟರ್ ದೂರದಲ್ಲಿ ಕುಳಿತಿದ್ದಾರೆ ಅನ್ನಿ. ಅದೇ 0.55 ಸೆಕೆಂಡ್ ಬೇಕೆಂದರೆ ಅವರು ಎಸೆಯಬೇಕಾದ ವೇಗ ಗಂಟೆಗೆ 39 ಕಿ.ಮೀ. ಮಾತ್ರ. ಐದು ಮೀಟರಿಗೆ 33, ಒಂಬತ್ತು ಮೀಟರಿನ ಪಾರ್ಕಿಂಗಿನಲ್ಲಿ 59. ಹೈಸ್ಕೂಲ್ ಹುಡುಗಿಯೂ ಸುಸ್ತಾಗದೆ ನೂರು ಬಾರಿ ಎಸೆಯಬಲ್ಲ ವೇಗ ಇದು.

ಅಂದಾಜಿನ ಮೇಲೆ ಬಿಡಬೇಡಿ, ಮೊಬೈಲಿನಲ್ಲಿ ಅಳೆಯಿರಿ. ಸ್ಲೋ ಮೋಷನ್ ಅನ್ನು ಸೆಕೆಂಡಿಗೆ 240 ಫ್ರೇಮಿಗೆ ಇಟ್ಟು, ಎಸೆಯುವ ಕೈ ಮತ್ತು ಬ್ಯಾಟ್ ಎರಡೂ ಕಾಣುವಂತೆ ಪಕ್ಕದಿಂದ ಚಿತ್ರಿಸಿ. ಚೆಂಡು ಬೆರಳು ಬಿಟ್ಟ ಫ್ರೇಮಿನಿಂದ ಬ್ಯಾಟಿಗೆ ತಾಗಿದ ಫ್ರೇಮಿನವರೆಗೆ ಎಣಿಸಿ. 15,300 ಅನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನಿಮಗೆ ಎದುರಾದ ‘ಮೈದಾನದ ವೇಗ’ ಸಿಗುತ್ತದೆ. 132 ಫ್ರೇಮ್ ಬಂದರೆ 116 ಕಿ.ಮೀ., 110 ಬಂದರೆ 139. ಫೋನಿನಲ್ಲಿ 120 ಫ್ರೇಮ್ ಮಾತ್ರ ಇದ್ದರೆ 15,300ರ ಬದಲು 7,650. ಹತ್ತು ಎಸೆತ ಎಣಿಸಿ ನೋಡಿದರೆ ಎಸೆಯುವವರ ಕೈಗೆ ಹದ ಗೊತ್ತಾಗುತ್ತದೆ, ಆಮೇಲೆ ವಾರಕ್ಕೊಮ್ಮೆ ನೋಡಿದರೆ ಸಾಕು.

ಒಂದು ತೊಡಕಿದೆ. ಸಮಯ ಒಂದೇ ಆದರೂ ದೂರ ಕಡಿಮೆ, ವೇಗವೂ ಕಡಿಮೆ. ಅಷ್ಟು ಹೊತ್ತಿನಲ್ಲಿ ಭೂಮಿ ಚೆಂಡನ್ನು ಕೆಳಗೆಳೆಯುವುದು ಮಾತ್ರ ಅಷ್ಟೇ. ಹೀಗಾಗಿ ಚೆಂಡು ಮೈದಾನಕ್ಕಿಂತ ಕಡಿದಾಗಿ ನೆಲಕ್ಕೆ ಬಿದ್ದು ಕಡಿದಾಗಿಯೇ ಮೇಲೇಳುತ್ತದೆ. ನಿಂತು ತಲೆಯ ಮೇಲಿಂದ ಎಸೆದರೆ ಗುಡ್ ಲೆಂಗ್ತ್ ಚೆಂಡೂ ತೊಡೆಯ ಎತ್ತರಕ್ಕೆ ಬರುತ್ತದೆ, ಬ್ಯಾಟ್ಸ್‌ಮನ್‌ಗೆ ಮುಂಗಾಲು ಹಾಕುವುದೇ ಮರೆತುಹೋಗುತ್ತದೆ. ಪರಿಹಾರ ಸುಲಭ: ಎಸೆಯುವವರು ಸ್ಟೂಲಿನ ಮೇಲೆ ಕುಳಿತು ಅಥವಾ ಮಂಡಿಯೂರಿ, ಸುಮಾರು 1.3 ಮೀಟರ್ ಎತ್ತರದಿಂದ ಕೈಬಿಡಬೇಕು. ಬ್ಯಾಟಿಗೆ ಒಂದೂವರೆ ಮೀಟರ್ ಮುಂದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎ4 ಹಾಳೆಯಷ್ಟು ಚೌಕ ಬರೆದು ಅಲ್ಲಿ ಪಿಚ್ ಮಾಡಿದರೆ ಚೆಂಡು ಮೊಣಕಾಲಿನ ಆಸುಪಾಸಿಗೆ ಬರುತ್ತದೆ. ಭಾರತ ತಂಡಕ್ಕೆ ವರ್ಷಗಟ್ಟಲೆ ಥ್ರೋಡೌನ್ (ಅಭ್ಯಾಸಕ್ಕೆಂದು ಎಸೆದುಕೊಡುವ ಚೆಂಡು) ಕೊಟ್ಟಿರುವ ಕುಮಟಾದ ರಾಘವೇಂದ್ರ ಅವರ ಕೈಯಲ್ಲಿ ಕಾಣುವ ಉದ್ದ ಹಿಡಿಯ, ಚೆಂಡು ಎಸೆಯುವ ಸೈಡ್ ಆರ್ಮ್ ಎಂಬ ಸಾಧನ ನೋಡಿ ಅದನ್ನೇ ಕೊಳ್ಳಲು ಹೊರಡುವವರಿದ್ದಾರೆ. ಅದು ಇರುವುದು ಸುಸ್ತಿಲ್ಲದೆ ಬಿರುಸಾಗಿ ಎಸೆಯಲು. ಆರು ಮೀಟರಿನ ಹಾಲ್‌ನಲ್ಲಿ ಅದಕ್ಕೆ ಕೆಲಸವಿಲ್ಲ, ಟಿವಿಗೆ ಅಪಾಯ ಬೇರೆ.

ಚೆಂಡು ಯಾವುದು? ಲೆದರ್ ಬಾಲ್ 156ರಿಂದ 163 ಗ್ರಾಂ ತೂಗುತ್ತದೆ. ಹೆಲ್ಮೆಟ್, ಪ್ಯಾಡ್, ಸುತ್ತಲೂ ನೆಟ್ ಇಲ್ಲದ ಕಡೆ ಅದನ್ನು ಹೊರಗೆ ತೆಗೆಯಲೇಬೇಡಿ. ಕಾರ್ಕ್ ಬಾಲಿಗೂ ಇದೇ ಮಾತು. ಹೊಸ ಟೆನಿಸ್ ಬಾಲ್ 56ರಿಂದ 59.4 ಗ್ರಾಂ, 254 ಸೆಂ.ಮೀ. ಮೇಲಿಂದ ಬಿಟ್ಟರೆ 135ರಿಂದ 147 ಸೆಂ.ಮೀ. ಪುಟಿಯಬೇಕು ಎಂಬುದು ನಿಯಮ. ನಮ್ಮ ಕೆಲಸಕ್ಕೆ ಅಷ್ಟು ಪುಟಿತ ಬೇಡ. ರೋಮ ಉದುರಿ ಬೋಳಾದ, ಒತ್ತಿದರೆ ಸ್ವಲ್ಪ ಒಳಹೋಗುವ ಹಳೆಯ ಚೆಂಡೇ ಉತ್ತಮ. ನೆಲದ ವಿಷಯದಲ್ಲಿ ವಿಟ್ರಿಫೈಡ್ ಟೈಲ್ಸ್ ಅತಿ ಕೆಟ್ಟದ್ದು: ಚೆಂಡು ಜಾರುತ್ತದೆ, ಕಾಲುಚೀಲ ಹಾಕಿದ ಕಾಲೂ ಜಾರುತ್ತದೆ. ಶೂ ಹಾಕಿ, ಇಲ್ಲವೇ ಬರಿಗಾಲಲ್ಲಿ ಆಡಿ. ಚೆಂಡು ಬೀಳುವ ಜಾಗಕ್ಕೆ ತೆಂಗಿನ ನಾರಿನ ಮ್ಯಾಟ್ ಹಾಸಿ, ಅಂಚುಗಳನ್ನು ಅಗಲದ ಟೇಪಿನಿಂದ ನೆಲಕ್ಕೆ ಅಂಟಿಸಿ. ನಾರಿನ ಮೇಲೆ ಚೆಂಡು ಹಿಡಿದು ಬರುತ್ತದೆ, ಕೆಳಗಿನಿಂದ ಬೆರಳು ತಿರುಗಿಸಿ ಎಸೆದರೆ ಸ್ಪಿನ್ ಕೂಡ ಚೆನ್ನಾಗಿ ತಿರುಗುತ್ತದೆ. ಚೆಂಡು ತೀರಾ ಪುಟಿಯುತ್ತಿದ್ದರೆ ಮ್ಯಾಟಿನ ಕೆಳಗೆ 10 ಮಿ.ಮೀ. ಫೋಮ್ ಹಾಳೆ ಸೇರಿಸಿ.

ಫೋಮ್ ಹಾಕಿಯೂ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರೆ ಚೆಂಡನ್ನು ಬೈಯಬೇಡಿ. ಚೆಂಡು ಬರುವ ಮುಂಚೆ ಬ್ಯಾಟನ್ನು ನೆಲಕ್ಕೆ ಟಕ್ ಟಕ್ ಕುಟ್ಟುತ್ತೀರಲ್ಲ, ಕೆಳಮನೆಯ ಸೂರಿನಲ್ಲಿ ಮೊಳಗುವುದು ಅದೇ. ಬ್ಯಾಟಿನ ತುದಿಗೆ ದಪ್ಪ ಉಣ್ಣೆಯ ಕಾಲುಚೀಲ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿ.

ಹಿಂದೆ ಮುಂದೆ ಚೆಂಡು ತಡೆಯಲು ನೆಟ್ಟಿಗಿಂತ ಒಳ್ಳೆಯದು ಕೌದಿ. ಬಟ್ಟೆ ಒಣಹಾಕುವ ತಂತಿಗೆ ಮೇಲಂಚನ್ನು ಮಾತ್ರ ಕ್ಲಿಪ್ ಮಾಡಿ, ಕೆಳಗೆ ಒಂದು ಗೇಣು ನೆಲದ ಮೇಲೆ ಬಿದ್ದಿರುವಷ್ಟು ಸಡಿಲ ಬಿಡಿ. ಗೋಡೆಯಿಂದ ಎರಡು ಅಡಿಯಾದರೂ ಮುಂದಿರಲಿ. ಚೆಂಡು ಬಡಿದಾಗ ಕೌದಿ ಹಿಂದಕ್ಕೆ ಹೋಗಿ ಜೋರನ್ನೆಲ್ಲ ನುಂಗಿ, ಚೆಂಡು ಬುಡದಲ್ಲೇ ತೊಪ್ಪೆಂದು ಬೀಳುತ್ತದೆ. ಕೆಳಗಂಚನ್ನೂ ಬಿಗಿದು ಕಟ್ಟಿದರೆ ಅದೇ ಕೌದಿ ಚೆಂಡನ್ನು ಮುಖಕ್ಕೆ ವಾಪಸ್ ಕಳಿಸುತ್ತದೆ. ನೈಲಾನ್ ನೆಟ್ಟಿಗೂ ಇದೇ ನಿಯಮ.

ಎಸೆಯುವವರು ಸಿಗದ ದಿನಕ್ಕೆ ತೂಗುಚೆಂಡು. ಟೆನಿಸ್ ಬಾಲನ್ನು ಹಳೆಯ ಕಾಲುಚೀಲದ ಹೆಬ್ಬೆರಳ ತುದಿಯವರೆಗೆ ತುರುಕಿ, ಚೆಂಡಿನ ಕುತ್ತಿಗೆಯಲ್ಲೇ ಬಿಗಿಯಾಗಿ ಗಂಟು ಹಾಕಿ. ಅಲ್ಲಿಂದ 3 ಮಿ.ಮೀ. ನೈಲಾನ್ ಹಗ್ಗ. ನೈಲಾನ್ ಗಂಟು ತಾನಾಗಿ ಜಾರುತ್ತದೆ, ಆದ್ದರಿಂದ ಎರಡು ಸುತ್ತಿನ ಗಂಟು ಹಾಕಿ ತುದಿಯನ್ನು ಬೆಂಕಿಕಡ್ಡಿಯಿಂದ ಕರಗಿಸಿ. ಹಗ್ಗ ಹುರಿಗೊಳ್ಳುತ್ತ ಹೋಗಿ ಎರಡು ವಾರದಲ್ಲಿ ಹರಿಯುವುದು ಸಾಮಾನ್ಯ. ನಡುವೆ ಮೀನಿನ ಗಾಳದ ಅಂಗಡಿಯಲ್ಲಿ ಸಿಗುವ ಸ್ವಿವೆಲ್ (ತಿರುಗುವ ಕೊಂಡಿ) ಒಂದನ್ನು ಕಟ್ಟಿದರೆ ತಿರುಚು ನಿಲ್ಲುತ್ತದೆ. ಹಳೆಯ ಮನೆಯಾಗಿ ತೊಲೆಯಲ್ಲಿ ಉಯ್ಯಾಲೆಯ ಕೊಂಡಿ ಉಳಿದಿದ್ದರೆ ನೀವು ಪುಣ್ಯವಂತರು. ಕಾಂಕ್ರೀಟ್ ಸೂರಿಗೆ 8 ಮಿ.ಮೀ. ಡ್ರಿಲ್ ಬಿಟ್, ಅದೇ ಅಳತೆಯ ಪ್ಲಗ್, ಕಣ್ಣಿರುವ ಸ್ಕ್ರೂ ಸಾಕು. ಫಾಲ್ಸ್ ಸೀಲಿಂಗಿಗೆ, ಫ್ಯಾನಿಗೆ ಕಟ್ಟಬೇಡಿ. ಫ್ಯಾನಿನ ಅಡಿ ನಿಂತು ಆಡುವುದೂ ಬೇಡ: ಎತ್ತಿದ ಬ್ಯಾಟಿನ ತುದಿ ರೆಕ್ಕೆಗೆ ಸಲೀಸಾಗಿ ಮುಟ್ಟುತ್ತದೆ.

ಎತ್ತರ ಮೂರು ಗುರುತು ಮಾಡಿಕೊಳ್ಳಿ. ಮುಂಗಾಲಿನ ಡ್ರೈವಿಗೆ ಚೆಂಡು ನೆಲದಿಂದ 25ರಿಂದ 35 ಸೆಂ.ಮೀ.; ಮುಂಗಾಲಿನ ಡಿಫೆನ್ಸಿಗೆ ಮೊಣಕಾಲಿನ ಮಟ್ಟ; ಹಿಂಗಾಲಿನ ಡಿಫೆನ್ಸಿಗೆ ಸ್ಟಂಪಿನ ಎತ್ತರಕ್ಕಿಂತ ತುಸು ಮೇಲೆ, 80 ಸೆಂ.ಮೀ. ಸ್ಟಂಪಿನ ಎತ್ತರ 71 ಸೆಂ.ಮೀ. ಎಂಬುದು ನೆನಪಿದ್ದರೆ ಉಳಿದದ್ದು ಕಣ್ಣಳತೆಗೇ ಬರುತ್ತದೆ.

ತೂಗುಚೆಂಡಿನಿಂದ ಟೈಮಿಂಗ್ ಕಲಿಯುತ್ತೇವೆ ಅಂದುಕೊಂಡವರೇ ಹೆಚ್ಚು. ಆಗುವುದಿಲ್ಲ. ಒಂದು ಮೀಟರ್ ಮೇಲಕ್ಕೆತ್ತಿ ಬಿಟ್ಟ ಚೆಂಡು ಕೆಳಗೆ ಬರುವಾಗ ಅದರ ವೇಗ ಗಂಟೆಗೆ ಬರೀ 16 ಕಿ.ಮೀ. ಅದು ಕಲಿಸುವುದು ಬ್ಯಾಟಿನ ಮುಖವನ್ನು, ತಲೆಯ ಸ್ಥಾನವನ್ನು. ಒಂದೇ ಹಗ್ಗಕ್ಕೆ ತೂಗಿದ, ಅಲುಗದೆ ನಿಂತ ಚೆಂಡನ್ನು ಮೆಲ್ಲಗೆ ನೇರವಾಗಿ ತಳ್ಳಿ, ಬ್ಯಾಟನ್ನು ಅಲ್ಲೇ ಹಿಡಿದು ನೋಡಿ. ಮುಖ ನೇರವಿದ್ದರೆ ಚೆಂಡು ಹೋದ ದಾರಿಯಲ್ಲೇ ಹಿಂದಿರುಗಿ ಬ್ಯಾಟಿನ ನಡುವಿಗೆ ಬಡಿಯುತ್ತದೆ. ಬ್ಯಾಟ್ ಅಡ್ಡ ಬಂದಿದ್ದರೆ ಚೆಂಡು ಓರೆಯಾಗಿ ಹೋಗಿ, ವಾಪಸ್ ಬರುವಾಗ ಅಂಚನ್ನು ಸವರಿಕೊಂಡು ಪಕ್ಕಕ್ಕೆ ಸರಿದು ಮೊಟ್ಟೆಯಾಕಾರದಲ್ಲಿ ಸುತ್ತತೊಡಗುತ್ತದೆ. ಬಲಗೈ ಆಟಗಾರರಲ್ಲಿ ಬಹುತೇಕ ಸಲ ತಪ್ಪಿತಸ್ಥ ಕೆಳಗಿನ ಕೈ. ಹಿಡಿತ ಬಿಗಿಯಾಗಿ ಬ್ಯಾಟಿನ ಮುಖ ಲೆಗ್ ಕಡೆಗೆ ತಿರುಗಿರುತ್ತದೆ. ಆ ಕೈಯ ಹೆಬ್ಬೆರಳು, ತೋರುಬೆರಳು ಎರಡರಲ್ಲೇ ಹಿಡಿದು ಇಪ್ಪತ್ತು ಚೆಂಡು ಆಡಿ, ಮೊಟ್ಟೆ ತೆಳುವಾಗುವುದು ಕಣ್ಣಿಗೇ ಕಾಣುತ್ತದೆ.

ಜೋರಾಗಿ ಹೊಡೆದರೆ ಚೆಂಡು ಹಗ್ಗದ ಉದ್ದಕ್ಕೂ ಸುತ್ತು ಹೊಡೆದು ಟ್ಯೂಬ್‌ಲೈಟಿಗೆ ಹೋಗುತ್ತದೆ. ಜಾಗ ಇಕ್ಕಟ್ಟಿದ್ದರೆ ಆಫ್ ಕಡೆ ಒಂದು, ಲೆಗ್ ಕಡೆ ಒಂದು, ನಡುವೆ ಒಂದು ಮೀಟರ್ ಬಿಟ್ಟು ಎರಡು ಕೊಂಡಿ ಹಾಕಿ, ಎರಡರಿಂದಲೂ ಹಗ್ಗ ಇಳಿಸಿ ಚೆಂಡಿನ ಬಳಿ ಸೇರಿಸಿ. ಆಗ ಚೆಂಡು ಹೆಚ್ಚುಕಡಿಮೆ ಹಿಂದಕ್ಕೆ ಮುಂದಕ್ಕೆ ಮಾತ್ರ ತೂಗುತ್ತದೆ. ಆದರೆ ಈ ಜೋಡಿಹಗ್ಗ ನಿಮ್ಮ ತಪ್ಪನ್ನೂ ಮುಚ್ಚಿಹಾಕುತ್ತದೆ. ತಪ್ಪು ಹುಡುಕುವುದಕ್ಕೆ ಒಂಟಿಹಗ್ಗ, ಕೈ ಪಳಗಿಸುವುದಕ್ಕೆ ಜೋಡಿಹಗ್ಗ.

ಗೋಡೆಯಾಟಕ್ಕೆ ಆಸ್ಟ್ರೇಲಿಯಾದ ಬೌರಲ್ ಊರಿನ ಬಾಲಕ ಡಾನ್ ಬ್ರಾಡ್‌ಮನ್‌ಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಮನೆಯ ನೀರಿನ ತೊಟ್ಟಿಯ ದುಂಡನೆಯ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ವಾಪಸ್ ಬಂದದ್ದನ್ನು ಸ್ಟಂಪಿನಿಂದ ಹೊಡೆಯುತ್ತಿದ್ದರು. ಸ್ಟಂಪಿನ ದಪ್ಪ 3.5ರಿಂದ 3.8 ಸೆಂ.ಮೀ., ಬ್ಯಾಟಿನ ಅಗಲ ಹೆಚ್ಚೆಂದರೆ 10.8, ಅಂದರೆ ಮೂರನೇ ಒಂದು ಪಾಲು. ಮನೆಯೊಳಗೆ ಗಾಲ್ಫ್ ಚೆಂಡು ಬೇಡವೇ ಬೇಡ, ಬೋಳು ಟೆನಿಸ್ ಬಾಲ್ ಸಾಕು. ಗೋಡೆಯಿಂದ ಮೂರು ಮೀಟರ್ ದೂರ ನಿಂತು, ಒಂದು ಪುಟಿತ ಬಿದ್ದು ಬಂದದ್ದನ್ನು ಸ್ಟಂಪಿನಿಂದ ಮತ್ತೆ ಗೋಡೆಗೇ ತಳ್ಳಿ. ಸತತ ಎಷ್ಟು ಎಂದು ಎಣಿಸಿ. ಸಪಾಟು ಗೋಡೆಯಲ್ಲಿ ಎರಡು ದಿನಕ್ಕೆ ಲಯ ಸಿಕ್ಕಿ ಆಟ ಸಪ್ಪೆಯಾದಾಗ, ಗೋಡೆಯ ಬುಡಕ್ಕೆ ಒಂದು ಹಲಗೆಯನ್ನು ಓರೆಯಾಗಿ ಒರಗಿಸಿ. ಚೆಂಡು ಎತ್ತ ಬರುತ್ತದೋ ಮೊದಲೇ ಗೊತ್ತಾಗುವುದಿಲ್ಲ.

ಇನ್ನು ಪರದೆಯ ಆಟ. ಮಾಲ್‌ಗಳ ಕ್ರಿಕೆಟ್ ಸಿಮ್ಯುಲೇಟರಿನಲ್ಲಿ ಪರದೆಯ ಮೇಲೆ ಬೌಲರ್ ಓಡಿಬರುತ್ತಾನೆ, ಕೈ ತಿರುಗುವ ಹೊತ್ತಿಗೆ ಪರದೆಯ ತೂತಿನಿಂದ ಚೆಂಡು ಹೊರಬರುತ್ತದೆ. ಬರೀ ಬೌಲಿಂಗ್ ಮಷಿನ್ನಿಗಿಂತ ಇದು ಮೇಲು. ಮಷಿನ್ ಎದುರು ಕೈ, ಮಣಿಕಟ್ಟು ಏನೂ ಕಾಣದ್ದರಿಂದ ಬ್ಯಾಟ್ ಎತ್ತುವ ಹೊತ್ತೇ ಬದಲಾಗಿಬಿಡುತ್ತದೆ. ದುಡ್ಡು ಕೊಡುವ ಮುನ್ನ ಎರಡು ಚೆಂಡು ಸುಮ್ಮನೆ ನೋಡಿ: ಪರದೆಯ ಕೈ ಬಿಟ್ಟ ಮೇಲೆ ಚೆಂಡು ತಡವಾಗಿ ಬರುತ್ತಿದ್ದರೆ ಅಲ್ಲಿ ಅಭ್ಯಾಸ ಬೇಡ, ಮಕ್ಕಳಿಗೆ ಮೋಜಿಗೆ ಆದೀತು. ವಿಆರ್ ಕನ್ನಡಕದ ಕ್ರಿಕೆಟ್ಟಿನಲ್ಲಿ ಯಾವ ಚೆಂಡು ಬಿಡಬೇಕು, ಯಾವುದು ಆಡಬೇಕು ಎಂಬುದು ರೂಢಿಯಾದೀತು. ಆದರೆ ಕೈಯಲ್ಲಿ ಬ್ಯಾಟಿನ ತೂಕವಿಲ್ಲದ್ದರಿಂದ ಬೀಸು ಕೆಡುತ್ತದೆ. ಸುತ್ತ ಎರಡು ಮೀಟರ್ ಖಾಲಿ ಇರಲಿ, ಮಣಿಕಟ್ಟಿನ ಪಟ್ಟಿ ಬಿಗಿಯಿರಲಿ.

ಮನೆಯ ಟಿವಿಯಲ್ಲೇ ಮಾಡಬಹುದಾದ ಒಂದು ಪಾಠ ಇವೆಲ್ಲಕ್ಕಿಂತ ಅಗ್ಗ. ಕ್ಲಬ್ಬಿನ ನೆಟ್ಸ್ ನಡೆಯುವಾಗ ಬ್ಯಾಟ್ಸ್‌ಮನ್ನಿನ ಹಿಂದೆ, ನೆಟ್ಟಿನ ಆಚೆ, ಒಂದೂವರೆ ಮೀಟರ್ ಎತ್ತರದಲ್ಲಿ ಫೋನ್ ಕಟ್ಟಿ ಬೌಲರ್‌ಗಳನ್ನು ಚಿತ್ರಿಸಿಕೊಳ್ಳಿ, ಅವರಿಗೆ ಹೇಳಿಯೇ. ಟಿವಿ ಪ್ರಸಾರದ ತುಣುಕು ಆಗದು, ಅಲ್ಲಿನ ಮುಖ್ಯ ಕ್ಯಾಮೆರಾ ಇರುವುದು ಬೌಲರನ ಬೆನ್ನ ಹಿಂದೆ. ನಲವತ್ತು ಎಸೆತ ಆರಿಸಿ, ಪ್ರತಿಯೊಂದನ್ನೂ ಚೆಂಡು ಕೈಬಿಟ್ಟ ಎರಡು ಮೂರು ಫ್ರೇಮಿಗೆ ಕತ್ತರಿಸಿ. ತುಣುಕು ನಿಂತ ತಕ್ಷಣ ‘ಶಾರ್ಟ್, ಆಫ್’, ‘ಫುಲ್, ಲೆಗ್’ ಎಂದು ಬಾಯಿಬಿಟ್ಟು ಹೇಳಿ, ಕಾಲನ್ನೂ ಅದಕ್ಕೆ ತಕ್ಕಂತೆ ಇಡಿ, ಆಮೇಲೆ ಪೂರ್ತಿ ನೋಡಿ ಸರಿತಪ್ಪು ಬರೆದುಕೊಳ್ಳಿ. ಒಂದೇ ಕ್ರಮದಲ್ಲಿ ನೋಡಿದರೆ ಮೂರನೇ ದಿನಕ್ಕೆ ಬಾಯಿಪಾಠವಾಗುತ್ತದೆ, ಕ್ರಮ ಬದಲಿಸುತ್ತಿರಿ.

ದಿನಕ್ಕೆ ಇಪ್ಪತ್ತೈದು ನಿಮಿಷ ಸಾಕು: ಒಂಟಿಹಗ್ಗದಲ್ಲಿ ಐದು, ಸ್ಟಂಪಿನಲ್ಲಿ ಐದು, ಕುಳಿತ ಎಸೆತ ಹತ್ತು, ತುಣುಕು ಐದು. ಕುಳಿತ ಎಸೆತದಲ್ಲಿ ಆರು ಚೆಂಡಿಗೊಮ್ಮೆ ನಿಲ್ಲಿಸಿ ಚೆಂಡು ಹೆಕ್ಕಿ. ಬಿಡುವಿಲ್ಲದೆ ಎಸೆದರೆ ಏಳನೇ ಚೆಂಡಿನಿಂದ ಕಾಲು ಆಡುವುದು ನಿಂತು ಕೈ ಮಾತ್ರ ಆಡುತ್ತದೆ.

ಮಳೆ ಬಿಟ್ಟು ಮೈದಾನಕ್ಕೆ ಇಳಿದ ದಿನ ಬ್ಯಾಟ್ ಬೇಗ ಬಂದು ಚೆಂಡು ಗಾಳಿಯಲ್ಲಿ ಮಿಡ್ ಆಫ್‌ಗೆ ಹೋಗುವುದುಂಟು. ಟೆನಿಸ್ ಬಾಲಿನ ಪುಟಿತಕ್ಕೆ ಒಗ್ಗಿದ ಕೈ, ಚೆಂಡು ಮೇಲೇಳುತ್ತದೆಂದು ಎಣಿಸಿ, ಕಾಯದೆ ಮುಂದೆಯೇ ಹೋಗಿ ತಳ್ಳುತ್ತದೆ. ಮೊದಲ ಹನ್ನೆರಡು ಲೆದರ್ ಬಾಲ್ ಹೊಡೆಯಲು ಹೋಗಬೇಡಿ. ಸ್ಟಂಪಿಗೆ ಬಾರದವನ್ನು ಕೀಪರ್ ಕೈ ಸೇರುವವರೆಗೆ ಕಣ್ಣಲ್ಲೇ ಹಿಂಬಾಲಿಸಿ ಬಿಟ್ಟುಬಿಡಿ, ಸ್ಟಂಪಿಗೆ ಬಂದದ್ದನ್ನು ಕಾಲ ಬುಡದಲ್ಲೇ ತಡೆಯಿರಿ. ಹದಿಮೂರನೆಯದಕ್ಕೆ ಬ್ಯಾಟ್ ಬೀಸಿ.