ಚಿಪ್-ಸೀಕ್ ಸ್ಯಾಂಪಲ್ ತಯಾರಿ: ಮೊದಲು ಜೆಲ್ ನೋಡಿ, ಆಮೇಲೆ ಆಂಟಿಬಾಡಿ ಹಾಕಿ

ಜೀವಕೋಶದಲ್ಲಿ ಒಂದು ಪ್ರೋಟೀನ್ ಡಿಎನ್‌ಎಯ ಯಾವ್ಯಾವ ಜಾಗದಲ್ಲಿ ಕೂತಿದೆ ಎಂದು ತಿಳಿಯಲು ಚಿಪ್-ಸೀಕ್ ಮಾಡುತ್ತಾರೆ: ಆಂಟಿಬಾಡಿಯಿಂದ ಆ ಪ್ರೋಟೀನನ್ನು ಹಿಡಿದು, ಅದಕ್ಕೆ ಅಂಟಿದ ಡಿಎನ್‌ಎಯನ್ನು ಸೀಕ್ವೆನ್ಸ್ ಮಾಡುವುದು. ಪ್ರಯೋಗ ಕೆಡುವುದು ಬಹುತೇಕ ಮೊದಲ ದಿನವೇ, ಪ್ರೋಟೀನನ್ನು ಡಿಎನ್‌ಎಗೆ ಅಂಟಿಸುವ ಫಾರ್ಮಾಲ್ಡಿಹೈಡ್ ಮತ್ತು ಡಿಎನ್‌ಎಯನ್ನು ಶಬ್ದತರಂಗದಿಂದ ತುಂಡರಿಸುವ ಸೋನಿಕೇಟರ್ ಹಂತದಲ್ಲಿ. ಅಲ್ಲಿ ಕೆಟ್ಟದ್ದನ್ನು ಯಾವ ದುಬಾರಿ ಕಿಟ್ಟೂ ಸರಿಮಾಡದು.

ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಾದರೆ (ಜೀನ್‌ಗಳ ಕೆಲಸ ನಿಯಂತ್ರಿಸುವ ಪ್ರೋಟೀನ್) ಸುಮಾರು 1 ಕೋಟಿ ಕೋಶ ಬೇಕು. ಹೇರಳವಾಗಿರುವ ಹಿಸ್ಟೋನ್ ಗುರುತುಗಳಿಗೆ (ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್‌ಗಳ ಮೇಲಿನ ರಾಸಾಯನಿಕ ಗುರುತು) 10 ಲಕ್ಷ ಸಾಕು. ಫ್ಯೂಮ್ ಹುಡ್‌ನೊಳಗೆ, 10 ಮಿ.ಲೀ. ಮೀಡಿಯಮ್‌ಗೆ 37% ಫಾರ್ಮಾಲ್ಡಿಹೈಡ್ 270 ಮೈಕ್ರೋಲೀಟರ್ ಹಾಕಿ. ಸುಮಾರು 1% ಆಗುತ್ತದೆ. ಕೋಣೆಯ ಉಷ್ಣತೆಯಲ್ಲಿ 10 ನಿಮಿಷ. ಬಳಿಕ ಅದರ ಕೆಲಸ ನಿಲ್ಲಿಸಲು 125 ಮಿಲಿಮೋಲಾರ್ ಆಗುವಷ್ಟು ಗ್ಲೈಸಿನ್ ಸೇರಿಸಿ 5 ನಿಮಿಷ ಬಿಡಿ, ತಣ್ಣನೆಯ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಉಪ್ಪಿನ ದ್ರಾವಣ) ಎರಡು ಸಲ ತೊಳೆಯಿರಿ. ಫಾರ್ಮಾಲ್ಡಿಹೈಡ್‌ನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಕ್ರೊಮಾಟಿನ್ (ಡಿಎನ್‌ಎ ಮತ್ತು ಪ್ರೋಟೀನ್‌ಗಳ ಜೋಡಣೆ) ಬಿಗಿದುಕೊಂಡು ತುಂಡಾಗದು, ಆಂಟಿಬಾಡಿ ಹಿಡಿಯಬೇಕಾದ ಜಾಗವೂ ಮುಚ್ಚಿಹೋಗಬಹುದು. ಫಿಕ್ಸ್ ಮಾಡುವಾಗ ಟ್ರಿಸ್ ಬಫರ್ ಬೇಡ: ಅದರ ಅಮೈನ್ ಗುಂಪೇ ಫಾರ್ಮಾಲ್ಡಿಹೈಡನ್ನು ನುಂಗಿಬಿಡುತ್ತದೆ.

ಸೋನಿಕೇಷನ್‌ನಲ್ಲಿ 200ರಿಂದ 500 ಬೇಸ್ ಜೋಡಿಯ ತುಂಡುಗಳು ಬರಬೇಕು. ಎಷ್ಟು ಸೈಕಲ್ ಎಂಬುದಕ್ಕೆ ಎಲ್ಲರಿಗೂ ಹೊಂದುವ ಅಂಕಿ ಇಲ್ಲ. ಕೋಶದ ಬಗೆ, ಟ್ಯೂಬ್, ಯಂತ್ರ ಬದಲಾದರೆ ಅದೂ ಬದಲಾಗುತ್ತದೆ. 5, 10, 15, 20 ಸೈಕಲ್‌ಗಳಲ್ಲಿ ಒಂದಿಷ್ಟು ತೆಗೆದು, ತುಂಡುಗಳ ಗಾತ್ರವನ್ನು ಜೆಲ್‌ನಲ್ಲಿ ಹೋಲಿಸಿ. ನೊರೆ ಬಂದರೆ ಶಕ್ತಿ ದ್ರವಕ್ಕೆ ತಲುಪುವುದಿಲ್ಲ. ನಿಲ್ಲಿಸಿ, ಸ್ಪಿನ್ ಮಾಡಿ, ಐಸ್‌ನಲ್ಲಿ ತಣಿಸಿ, ಮತ್ತೆ ಶುರುಮಾಡಿ.

ಜೆಲ್ ನೋಡುವ ಮುನ್ನ ಆ ಸ್ಯಾಂಪಲ್‌ಗೆ ಆರ್‌ಎನ್‌ಏಸ್, ಪ್ರೋಟೀನೇಸ್ ಕೆ (ಆರ್‌ಎನ್‌ಎ, ಪ್ರೋಟೀನ್ ಒಡೆಯುವ ಕಿಣ್ವಗಳು) ಹಾಕಿ 65 ಡಿಗ್ರಿಯಲ್ಲಿ ಕ್ರಾಸ್‌ಲಿಂಕ್, ಅಂದರೆ ಫಾರ್ಮಾಲ್ಡಿಹೈಡ್ ಹಾಕಿದ ಅಂಟು, ಬಿಡಿಸಲೇಬೇಕು. ಹಾಗೇ ಓಡಿಸಿದರೆ ತುಂಡುಗಳು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತವೆ; ಅದನ್ನು ನಂಬಿ ಇನ್ನಷ್ಟು ಸೋನಿಕೇಟ್ ಮಾಡಿ ಕೆಡಿಸಿಕೊಳ್ಳುವವರೇ ಹೆಚ್ಚು. ಜೆಲ್ ಸರಿಯಿದ್ದರೆ ಹೋಲಿಕೆಗೆಂದು ಆಂಟಿಬಾಡಿ ಹಾಕದ 1% ಭಾಗವನ್ನು, ಅಂದರೆ ಇನ್‌ಪುಟ್ಟನ್ನು, ಎತ್ತಿಡಿ. ಉಳಿದದ್ದನ್ನು ಬಫರ್‌ನ ಡಿಟರ್ಜೆಂಟ್ ಆದ ಎಸ್‌ಡಿಎಸ್ 0.1%ಕ್ಕೆ ಇಳಿಯುವಷ್ಟು ತೆಳುಮಾಡಿ, 2ರಿಂದ 5 ಮೈಕ್ರೋಗ್ರಾಂ ಆಂಟಿಬಾಡಿ ಜೊತೆ 4 ಡಿಗ್ರಿಯಲ್ಲಿ ರಾತ್ರಿಯಿಡೀ ತಿರುಗಿಸಿ. ಆಂಟಿಬಾಡಿಯನ್ನು ಹಿಡಿಯುವ ಬೀಡ್ಸ್‌ಗೆ ಬೇಡದ್ದು ಅಂಟದಂತೆ ಬ್ಲಾಕ್ ಮಾಡಲು ಬಿಎಸ್‌ಎ ಎಂಬ ಪ್ರೋಟೀನ್ ಬಳಸಿ. ಹಳೆಯ ಪ್ರೋಟೋಕಾಲ್‌ಗಳಲ್ಲಿರುವ ಸಾಲ್ಮನ್ ವೀರ್ಯದ ಡಿಎನ್‌ಎ ಹಾಕಿದರೆ ಮೀನಿನ ಜೀನೋಮ್ ಕೂಡ ಸೀಕ್ವೆನ್ಸ್ ಆಗಿ ಬರುತ್ತದೆ!

ಬೀಡ್ಸ್ ತೊಳೆದು, ಹಿಡಿದದ್ದನ್ನು ಅದರಿಂದ ಬಿಡಿಸಿ (ಎಲ್ಯೂಟ್ ಮಾಡಿ), 65 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು ಶುದ್ಧೀಕರಿಸಿದ ಡಿಎನ್‌ಎ ಕೆಲವೇ ನ್ಯಾನೋಗ್ರಾಂ ಇರುತ್ತದೆ. ಅಳೆಯಲು ಕ್ಯೂಬಿಟ್ ಬೇಕು, ನ್ಯಾನೋಡ್ರಾಪ್ ಇಷ್ಟು ಕಡಿಮೆಯನ್ನು ನಂಬುವಂತೆ ಓದದು. ಲೈಬ್ರರಿಗೆ (ಸೀಕ್ವೆನ್ಸಿಂಗ್‌ಗೆ ಸಿದ್ಧಪಡಿಸಿದ ಡಿಎನ್‌ಎ) ಮುನ್ನ ಕ್ಯೂಪಿಸಿಆರ್ (ಒಂದು ಜಾಗದ ಡಿಎನ್‌ಎ ಎಷ್ಟಿದೆ ಎಂದು ಅಳೆಯುವ ಪಿಸಿಆರ್) ಮಾಡಿ: ಪ್ರೋಟೀನ್ ಕೂರುತ್ತದೆಂದು ಗೊತ್ತಿರುವ ಜಾಗದ ಸಿಗ್ನಲ್, ಕೂರದ ಜಾಗಕ್ಕಿಂತ ಸ್ಪಷ್ಟವಾಗಿ ಮೇಲಿರದಿದ್ದರೆ ಅಲ್ಲಿಗೇ ನಿಲ್ಲಿಸಿ.

ಲೈಬ್ರರಿಯಲ್ಲಿ ಡಿಎನ್‌ಎ ಕಡಿಮೆಯಿದ್ದಷ್ಟೂ ಅಡಾಪ್ಟರ್ (ತುಂಡುಗಳ ತುದಿಗೆ ಜೋಡಿಸುವ ಸಣ್ಣ ಡಿಎನ್‌ಎ) ತೆಳುಮಾಡಿ. ಪಿಸಿಆರ್ ಸೈಕಲ್ ಹೆಚ್ಚಿಸಿದರೆ ನಕಲು ರೀಡ್‌ಗಳೇ ತುಂಬುತ್ತವೆ. ಕೊನೆಗೆ ತುಂಡುಗಳ ಗಾತ್ರ ತೋರಿಸುವ ಬಯೋಅನಲೈಸರ್‌ನಲ್ಲಿ 120–130 ಬೇಸ್ ಜೋಡಿಯ ಸುತ್ತ ಚೂಪಾದ ಶಿಖರ ಕಂಡರೆ ಅದು ಅಡಾಪ್ಟರ್ ಡೈಮರ್, ಅಂದರೆ ಒಂದಕ್ಕೊಂದು ಅಂಟಿದ ಅಡಾಪ್ಟರ್‌ಗಳು. ಸ್ಯಾಂಪಲ್‌ನ 0.9 ಪಟ್ಟು ಡಿಎನ್‌ಎ ಶುದ್ಧೀಕರಿಸುವ ಬೀಡ್ಸ್‌ನಲ್ಲಿ ಇನ್ನೊಮ್ಮೆ ತೊಳೆದು ಸೀಕ್ವೆನ್ಸಿಂಗ್‌ಗೆ ಕಳಿಸಿ, ಇನ್‌ಪುಟ್‌ನ ಲೈಬ್ರರಿಯನ್ನೂ ಜೊತೆಗೇ.