ಬಂದ ಹುದ್ದೆಗಳನ್ನೆಲ್ಲ ಒಪ್ಪಿಕೊಳ್ಳಬೇಡಿ

ಸಣ್ಣ ನೇಮಕಾತಿ ಏಜೆನ್ಸಿ ನಡೆಸುವವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಹೊಸ ಕಂಪನಿಗಳನ್ನು ಹಿಡಿಯುವುದು ಹೇಗೆ? ನಾನು ತಿರುಗಿ ಕೇಳುತ್ತೇನೆ, ಕೈಯಲ್ಲಿರುವ ಹತ್ತು ಹುದ್ದೆಗಳಲ್ಲಿ ಎಷ್ಟನ್ನು ತುಂಬುತ್ತೀರಿ? ಎರಡು ಎಂದಾದರೆ ಉಳಿದ ಎಂಟಕ್ಕೆ ಬಿಟ್ಟಿ ದುಡಿದಂತಾಯಿತು. ಅಭ್ಯರ್ಥಿ ಕೆಲಸಕ್ಕೆ ಸೇರಿದರೆ ಮಾತ್ರ ಶುಲ್ಕ ಸಿಗುವ ವ್ಯವಹಾರದಲ್ಲಿ ಇನ್ನೂ ಹತ್ತು ಹುದ್ದೆ ತಂದರೆ ಬಿಟ್ಟಿ ದುಡಿಮೆಯೂ ಬೆಳೆಯುತ್ತದೆ.

ಆದ್ದರಿಂದ ಹುದ್ದೆ ಒಪ್ಪಿಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ. ಈ ಜಾಗ ಏಕೆ ಖಾಲಿಯಾಯಿತು, ಎಂದಿನಿಂದ ಖಾಲಿ ಇದೆ? ಸಂಬಳದ ಮಿತಿಗೆ ಮೇಲಿನವರ ಒಪ್ಪಿಗೆ ಸಿಕ್ಕಿದೆಯೇ? ಕೊನೆಯ ಮಾತು ಯಾರದು? ಇನ್ನೆಷ್ಟು ಏಜೆನ್ಸಿಗಳಿಗೆ ಹೇಳಿದ್ದೀರಿ? ಕೊನೆಯ ಪ್ರಶ್ನೆಗೆ ಸಿಗುವ ಉತ್ತರವೇ ಬಹಳಷ್ಟನ್ನು ತೀರ್ಮಾನಿಸುತ್ತದೆ. ಐದು ಏಜೆನ್ಸಿಗಳು ಓಡುತ್ತಿದ್ದರೆ ಒಬ್ಬನೇ ಅಭ್ಯರ್ಥಿಯ ಬಯೋಡೇಟಾ ಎರಡು ಕಡೆಯಿಂದ ಹೋಗುತ್ತದೆ, ಮುಂದೆ ಅವನು ಯಾರ ಅಭ್ಯರ್ಥಿ ಎಂಬ ಜಗಳ. ನಾನು ಎರಡು ವಾರ ನನಗೊಬ್ಬಳಿಗೇ ಬಿಡಿ ಎನ್ನುತ್ತೇನೆ. ಅದಕ್ಕೆ ಪ್ರತಿಯಾಗಿ, ಹೇಳಿದ ದಿನದೊಳಗೆ ಸಂದರ್ಶನಕ್ಕೆ ಸಿದ್ಧರಿರುವ ನಾಲ್ವರನ್ನು ಕೊಡುತ್ತೇನೆ. ಒಪ್ಪದವರಿಗೆ ನಮಸ್ಕಾರ ಹೇಳುವುದು ಕಷ್ಟವೇ, ಆದರೂ ಹೇಳಬೇಕು.

ಕ್ಷೇತ್ರ ಕಿರಿದಾಗಿರಲಿ. ನಾನು ಲೆಕ್ಕಪತ್ರ ವಿಭಾಗದ ಹುದ್ದೆಗಳನ್ನಷ್ಟೇ ನೋಡುತ್ತೇನೆ. ತಿಂಗಳ ಕೊನೆಯಲ್ಲಿ ಆ ಜನ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿರುತ್ತಾರೆ, ಆಗ ಕರೆ ಮಾಡಿದರೆ ಸಿಡುಕುತ್ತಾರೆ ಎಂಬಷ್ಟು ಪರಿಚಯ ಬೇಕು. ಕಿರಿದಾದ ಕ್ಷೇತ್ರದ ದೊಡ್ಡ ಲಾಭ ಬೇರೆಯೇ ಇದೆ: ಒಂದು ಕಂಪನಿಯ ಕೊನೆಯ ಸುತ್ತಿನವರೆಗೆ ಬಂದು ಆಯ್ಕೆಯಾಗದೆ ಉಳಿದವರು ಇನ್ನೊಂದು ಕಂಪನಿಗೆ ಸರಿಹೊಂದುತ್ತಾರೆ. ಇಂಥವರ ಪಟ್ಟಿಯೇ ಏಜೆನ್ಸಿಯ ನಿಜವಾದ ಆಸ್ತಿ. ಕೆಲಸ ಸಿಗಲಿಲ್ಲ ಎಂಬ ಸುದ್ದಿಯನ್ನೂ ಅವರಿಗೆ ನೀವೇ ಕರೆ ಮಾಡಿ ತಿಳಿಸಿ. ಹೆಚ್ಚಿನ ಏಜೆನ್ಸಿಗಳು ಆ ಸೌಜನ್ಯ ತೋರುವುದಿಲ್ಲ.

ಆಫರ್ ಕೊಟ್ಟ ದಿನದಿಂದ ಸೇರುವ ದಿನದವರೆಗಿನ ಅವಧಿ ಅತ್ಯಂತ ಅಪಾಯದ್ದು. ರಾಜೀನಾಮೆ ಕೊಟ್ಟೊಡನೆ ಹಳೆಯ ಕಂಪನಿ ಸಂಬಳ ಏರಿಸುವ ಆಸೆ ತೋರಿಸುತ್ತದೆ. "ನಿಮ್ಮವರು ಹೆಚ್ಚು ಕೊಟ್ಟರೆ ಉಳಿಯುತ್ತೀರಾ?" ಎಂದು ಮೊದಲ ಮಾತುಕತೆಯಲ್ಲೇ ಕೇಳಿ. ರಾಜೀನಾಮೆ ಕೊಟ್ಟ ದಿನ ಸಂಜೆಯೇ ಮಾತಾಡಿಸಿ, ನೋಟಿಸ್ ಅವಧಿಯುದ್ದಕ್ಕೂ ಸಂಪರ್ಕ ಬಿಡಬೇಡಿ.

ಕರಾರು ಬಾಯಿಮಾತಿನಲ್ಲಿ ಬೇಡ. ಶುಲ್ಕ ವಾರ್ಷಿಕ ಸಂಬಳದ ಶೇಕಡಾ ಎಷ್ಟು, ಬೋನಸ್ ಅದರಲ್ಲಿ ಸೇರಿದೆಯೇ, ಹಣ ಎಷ್ಟು ದಿನದೊಳಗೆ ಬರಬೇಕು ಎಂಬುದೆಲ್ಲ ಬರಹದಲ್ಲಿರಲಿ. ಅಭ್ಯರ್ಥಿ ಬೇಗ ಬಿಟ್ಟುಹೋದರೆ ಬದಲಿ ಕೊಡುವ ಭರವಸೆಗೂ ಷರತ್ತು ಹಾಕಿ: ಶುಲ್ಕ ಸಕಾಲಕ್ಕೆ ಬಂದಿರಬೇಕು, ಕಂಪನಿಯೇ ಹುದ್ದೆ ರದ್ದುಮಾಡಿದ್ದರೆ ಬದಲಿ ಇಲ್ಲ. ನೀವು ಕಳಿಸಿದವರನ್ನು ಆರು ತಿಂಗಳ ನಂತರ ಪಕ್ಕದ ವಿಭಾಗ ಸೇರಿಸಿಕೊಂಡರೂ ಶುಲ್ಕ ನಿಮ್ಮದೇ ಎಂಬ ಸಾಲು ಮರೆಯಬೇಡಿ.

ಕೆಲಸ ಹುಡುಕುವವರಿಂದ ಹಣ ತೆಗೆದುಕೊಳ್ಳಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಪ್ಪಂದ, ಕೆಲವು ವಿನಾಯಿತಿಗಳಿಗೆ ಅವಕಾಶವಿಟ್ಟು, ಇದನ್ನು ನಿಷೇಧಿಸುತ್ತದೆ. ಒಪ್ಪಂದವೇ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಎರಡೂ ಕಡೆಯಿಂದ ಹಣ ಪಡೆಯುವವರ ಸಲಹೆಯನ್ನು ಯಾರು ನಂಬುತ್ತಾರೆ?

ತಾತ್ಕಾಲಿಕ ನೌಕರರನ್ನು ಒದಗಿಸುವ ಕೆಲಸಕ್ಕೆ ಬಂಡವಾಳವಿಲ್ಲದೆ ಕೈಹಾಕಬೇಡಿ. ಅಲ್ಲಿ ಅವರಿಗೆ ಸಂಬಳ ಕೊಡುವವರು ನೀವೇ, ಕಂಪನಿಯ ಹಣ ತಡವಾದರೂ ಅದು ನಿಲ್ಲುವಂತಿಲ್ಲ.

ಮೊದಲ ಸಿಬ್ಬಂದಿಯಾಗಿ ಅಭ್ಯರ್ಥಿಗಳನ್ನು ಹುಡುಕಬಲ್ಲವರನ್ನು ಸೇರಿಸಿ, ಮಾರಾಟದವರನ್ನಲ್ಲ. ಕಂಪನಿಗಳ ಜೊತೆಗಿನ ಮಾತು ಇನ್ನೂ ಕೆಲಕಾಲ ನಿಮ್ಮದೇ ಆಗಿರಲಿ. ವಾರಕ್ಕೊಮ್ಮೆ ಇಬ್ಬರೂ ಕೂತು ಕಳಿಸಿದ ಬಯೋಡೇಟಾ, ನಡೆದ ಸಂದರ್ಶನ, ಬಂದ ಆಫರ್, ಸೇರಿದವರು ಎಂಬ ನಾಲ್ಕು ಲೆಕ್ಕಗಳನ್ನು ನೋಡಿ. ಬಯೋಡೇಟಾಗಳು ಸಂದರ್ಶನದವರೆಗೆ ಹೋಗದಿದ್ದರೆ ಹುದ್ದೆಯ ಬಗ್ಗೆ ಸರಿಯಾಗಿ ವಿಚಾರಿಸಿಲ್ಲ. ಆಫರ್ ಬಂದರೂ ಜನ ಸೇರದಿದ್ದರೆ ಅಭ್ಯರ್ಥಿಯ ಮನಸ್ಸಿನಲ್ಲೇನಿತ್ತೆಂದು ನೀವು ಕೇಳಿಲ್ಲ.