ಗಾಳಿಗೆ ಮುಖ ಕೊಟ್ಟು, ತಲೆ ತಗ್ಗುವವರೆಗೆ ಕಾದು: ಜಿಂಕೆಯ ಸಮೀಪ ಹೋಗುವ ಬಗೆ

ಜಿಂಕೆ ಕಂಡ ಕೂಡಲೇ ಜನ ಸೊಂಟ ಬಗ್ಗಿಸುತ್ತಾರೆ. ಬಗ್ಗಿಕೊಂಡೇ ಅದರತ್ತ ನೇರವಾಗಿ, ಸರಸರನೆ ಹೆಜ್ಜೆ ಹಾಕುತ್ತಾರೆ. ಜಿಂಕೆಯ ಕಣ್ಣಿಗೆ ಅದು ಹೊಂಚಿ ಬರುವ ಹಿಂಸ್ರಪ್ರಾಣಿಯ ನಡಿಗೆ. ಒಂದು ಕ್ಷಣ ಕತ್ತೆತ್ತಿ ನೋಡುತ್ತದೆ, ಮರುಕ್ಷಣ ಅದು ನಿಂತಿದ್ದಲ್ಲಿ ಪೊದೆಯಷ್ಟೇ ಅಲುಗಾಡುತ್ತಿರುತ್ತದೆ. ನನ್ನ ಜೊತೆ ಬಂದವರಲ್ಲಿ ಹೆಚ್ಚಿನವರು ಎರಡು ಗಂಟೆ ಶ್ರದ್ಧೆಯಿಂದ ನಡೆದು, ಕೊನೆಯ 100 ಮೀಟರಿನಲ್ಲಿ ಎಲ್ಲವನ್ನೂ ಕೆಡಿಸಿಕೊಂಡಿದ್ದಾರೆ. ಅದಕ್ಕಾಗಿಯೇ ಈ ಬರಹದ ದೊಡ್ಡ ಪಾಲು ಆ 100 ಮೀಟರಿಗೆ ಮೀಸಲು.

ಇದು ಮೂಲದಲ್ಲಿ ಬೇಟೆಗಾರರ ವಿದ್ಯೆ. ಬಿಲ್ಲು ಹಿಡಿದವನು 20–30 ಮೀಟರಿನಷ್ಟು ಹತ್ತಿರ ಹೋಗದೆ ಬಾಣ ಬಿಡುವಂತಿರಲಿಲ್ಲ. ದೂರದಿಂದಲೇ ಗುರಿಯಿಡುವ ಬಂದೂಕು ಬಂದ ಮೇಲೆ ಆ ತಾಳ್ಮೆ ಸವೆಯಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಪರವಾನಗಿ ಪಡೆದು ನಿಗದಿತ ಋತುವಿನಲ್ಲಿ ಬೇಟೆಯಾಡಬಹುದಾದ ದೇಶಗಳೂ ಇವೆ. ನಾನು ಹೇಳಹೊರಟಿರುವುದು ಆಯುಧವಿಲ್ಲದೆ ಹತ್ತಿರ ಹೋಗಿ, ಕಣ್ತುಂಬ ನೋಡಿ, ಜಿಂಕೆಗೆ ಗೊತ್ತಾಗದಂತೆ ಹಿಂದಿರುಗುವುದನ್ನು. ಕಾಲ್ನಡಿಗೆಗೆ ಅನುಮತಿ ಇರುವ ಜಾಗವನ್ನೇ ಆರಿಸಿಕೊಳ್ಳಿ. ಆನೆ, ಹುಲಿ, ಕರಡಿಗಳಿರುವ ಕಾಡಿನಲ್ಲಿ ಈ ಪ್ರಯೋಗ ಬೇಡವೇ ಬೇಡ.

ಏನು ಒಯ್ಯಬೇಕು, ಏನು ಬಿಡಬೇಕು

ಬೈನಾಕ್ಯುಲರ್, ನೀರು, ಬೂದಿ ತುಂಬಿದ ಪುಟ್ಟ ಡಬ್ಬಿ. ಇಷ್ಟೇ ಸಾಕು. ಬೈನಾಕ್ಯುಲರ್ 8×42 ಇರಲಿ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 8×42ರಲ್ಲಿ ಅದು 5 ಮಿಲಿಮೀಟರಿಗಿಂತ ತುಸು ಹೆಚ್ಚು, ಜೇಬಿನಲ್ಲಿ ಹಿಡಿಯುವ 8×25ರಲ್ಲಿ 3 ಮಾತ್ರ. ಮುಂಜಾನೆಯ ಮಬ್ಬಿನಲ್ಲಿ, ಅಂದರೆ ಜಿಂಕೆ ಬಯಲಿನಲ್ಲಿ ಮೇಯುವ ಹೊತ್ತಿನಲ್ಲಿಯೇ, ಆ ಜೇಬಿನ ಬೈನಾಕ್ಯುಲರ್ ಕತ್ತಲೆ ತೋರಿಸುತ್ತದೆ. 12 ಅಥವಾ 16 ಪಟ್ಟಿನದನ್ನು ಮಾರುವವರ ಮಾತಿಗೆ ಮರುಳಾಗಬೇಡಿ. ಏದುಸಿರು ಬಿಡುವ ಮನುಷ್ಯನ ಕೈ ನಡುಕವನ್ನೂ ಅವು ಅಷ್ಟೇ ಪಟ್ಟು ಹಿಗ್ಗಿಸುತ್ತವೆ.

ಬಟ್ಟೆ ಹಳೆಯದು, ಮೆತ್ತನೆಯದು, ಹತ್ತಿ ಅಥವಾ ಉಣ್ಣೆಯದು. ನೈಲಾನ್ ಜಾಕೆಟ್ ಪೊದೆಗೆ ತಾಗಿದರೆ ಸರ್ ಎನ್ನುತ್ತದೆ. ಎಳೆದರೆ ಪರ್ರನೆ ಬಿಚ್ಚುವ ಅಂಟುಪಟ್ಟಿಯ ಜೇಬು ಅದಕ್ಕಿಂತ ಕೆಟ್ಟದ್ದು. ಎಲೆ ಚಿತ್ರ ಅಚ್ಚು ಹಾಕಿದ ಸೈನಿಕ ಶೈಲಿಯ ಉಡುಪಿಗೆ ಹಣ ಸುರಿಯುವುದು ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ. ಬಣ್ಣ ಗುರುತಿಸುವ ಶಂಕುಕೋಶಗಳು ಮನುಷ್ಯನ ಕಣ್ಣಿನಲ್ಲಿ ಮೂರು ಬಗೆಯವು, ಜಿಂಕೆಯ ಕಣ್ಣಿನಲ್ಲಿ ಎರಡೇ ಬಗೆಯವು. ಕೆಂಪು, ಕಿತ್ತಳೆ ಅದಕ್ಕೆ ಎದ್ದು ಕಾಣುವುದಿಲ್ಲ. ಆದರೆ ನೀಲಿ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಜೀನ್ಸ್ ಬೇಡ. ಬಟ್ಟೆಯನ್ನು ಬೆಳ್ಳಗೆ ಹೊಳೆಯುವಂತೆ ಮಾಡುವ ಸೋಪಿನ ಪುಡಿಗಳೂ ಬೇಡ. ಆ ಹೊಳಪಿನ ರಾಸಾಯನಿಕ ಕಾಣದ ನೇರಳಾತೀತ ಕಿರಣವನ್ನು ಹೀರಿಕೊಂಡು ನೀಲಿ ಬೆಳಕನ್ನು ಹೊರಸೂಸುತ್ತದೆ. ಮಾಸಲು ಹಸಿರು ಅಂಗಿ ತೊಟ್ಟರೂ ಅದನ್ನು ಇಂಥ ಪುಡಿಯಲ್ಲಿ ಒಗೆದಿದ್ದರೆ ಪ್ರಯೋಜನವಿಲ್ಲ. ಮುಖಕ್ಕೆ ಟೋಪಿಯ ನೆರಳು, ಕೈಗೆ ತೆಳುವಾದ ಕೈಗವಸು ಇರಲಿ. ದಪ್ಪ ಅಟ್ಟೆಯ ಬೂಟು ಬಿಟ್ಟು, ನೆಲದ ಕಡ್ಡಿ ಪಾದಕ್ಕೆ ತಿಳಿಯುವಷ್ಟು ತೆಳುವಾದ ಅಟ್ಟೆಯ ಶೂ ಹಾಕಿ.

ಮೊದಲು ಗಾಳಿ

ನಸುಕಿಗೆ ಮುಂಚೆ ಸ್ಥಳ ಸೇರಿಕೊಳ್ಳಿ. ಮೊಬೈಲ್ ಆಫ್ ಮಾಡಿ.

ಜಿಂಕೆ ತನ್ನ ಕಣ್ಣನ್ನೂ ಕಿವಿಯನ್ನೂ ಅನುಮಾನಿಸುತ್ತದೆ, ಆದರೆ ಮೂಗನ್ನು ಅನುಮಾನಿಸುವುದಿಲ್ಲ. ನಿಮ್ಮನ್ನು ಕಂಡರೆ ಇನ್ನೊಮ್ಮೆ ನೋಡಲು ನಿಲ್ಲಬಹುದು, ಸದ್ದು ಕೇಳಿದರೆ ಮತ್ತೆ ಕೇಳಲು ಕಾಯಬಹುದು. ವಾಸನೆ ಸಿಕ್ಕಿದರೆ ಮಾತ್ರ ಎರಡನೆಯ ಅವಕಾಶವಿಲ್ಲ. ಒದ್ದೆ ಬೆರಳೆತ್ತಿ ಗಾಳಿ ನೋಡುವುದು ಮೆಲುಗಾಳಿಯಲ್ಲಿ ಕೆಲಸಕ್ಕೆ ಬಾರದು. ಚಿಟಿಕೆ ಬೂದಿಯನ್ನು ಎದೆಯೆತ್ತರದಿಂದ ಉದುರಿಸಿ, ಕೆಳಗೆ ಬೀಳುವ ತನಕ ಅಲ್ಲ, ಕಣ್ಣಿಗೆ ಮರೆಯಾಗುವ ತನಕ ನೋಡಿ. ಮೊದಲ ಎರಡು ಅಡಿ ಒಂದು ಕಡೆಗೆ ಹೋದ ಬೂದಿ ಮುಂದೆ ಸುತ್ತಿಕೊಂಡು ಇನ್ನೊಂದು ಕಡೆಗೆ ಹೋಗುವುದುಂಟು. ಅಂಥ ಸುಳಿಗಾಳಿ ದಿಣ್ಣೆಯ ಮರೆಯಲ್ಲಿ, ಹಳ್ಳದ ತಿರುವಿನಲ್ಲಿ, ಕಾಡಿನ ಅಂಚಿನಲ್ಲಿ ಸದಾ ಇರುತ್ತದೆ.

ಇಳಿಜಾರಿನಲ್ಲಿ ಇನ್ನೊಂದು ಲೆಕ್ಕವಿದೆ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಕಣಿವೆಯತ್ತ ಇಳಿಯುತ್ತದೆ. ಬಿಸಿಲು ಬಿದ್ದು ನೆಲ ಕಾದ ಮೇಲೆ ಅದೇ ಗಾಳಿ ಮೇಲಕ್ಕೆ ಏರುತ್ತದೆ. ಸೂರ್ಯ ಹುಟ್ಟುವ ಮುನ್ನ ಕೆಳಗಿನಿಂದ ಹತ್ತಿದವರಿಗೆ ಎದುರುಗಾಳಿ ಸಿಗುತ್ತದೆ. ಅದೇ ದಾರಿಯಲ್ಲಿ ಬಿಸಿಲೇರಿದ ಮೇಲೆ ಹತ್ತಿದರೆ ನಿಮ್ಮ ವಾಸನೆ ನಿಮಗಿಂತ ಮೊದಲೇ ಮೇಲೆ ತಲುಪಿರುತ್ತದೆ. ಈ ಬದಲಾವಣೆಯ ನಡುವಿನ ಹೊತ್ತಿನಲ್ಲಿ ಗಾಳಿ ಅತ್ತಿತ್ತ ಹೊಯ್ದಾಡುತ್ತದೆ. ಆಗ ಕುಳಿತುಬಿಡಿ. ನಾನು ಕೆಡಿಸಿಕೊಂಡ ಬೆಳಗುಗಳಲ್ಲಿ ಹೆಚ್ಚಿನವು ಈ ಅರ್ಧ ಗಂಟೆ ಕೂರಲಾರದೆ ಕೆಟ್ಟವು.

ಮನುಷ್ಯನ ವಾಸನೆಯನ್ನು ಮುಚ್ಚುತ್ತದೆ ಎಂದು ಮಾರುವ ಸಿಂಪಡಣೆ ದ್ರಾವಣಗಳನ್ನು ನಂಬಬೇಡಿ. ಬೆವರುವ ದೇಹ, ಬಿಡುವ ಉಸಿರು ಎರಡೂ ಕ್ಷಣಕ್ಷಣಕ್ಕೂ ಹೊಸ ವಾಸನೆಯನ್ನು ಕಳಿಸುತ್ತಲೇ ಇರುತ್ತವೆ. ಅವುಗಳನ್ನು ಹಚ್ಚಿಕೊಂಡವರು ಗಾಳಿಯ ಕಡೆಗೆ ಗಮನ ಕೊಡುವುದನ್ನೇ ಬಿಡುತ್ತಾರೆ. ನಿಜವಾದ ಹಾನಿ ಅದು.

ಹುಡುಕುವುದು, ದಾರಿ ಗೊತ್ತುಮಾಡುವುದು

ಇಡೀ ಜಿಂಕೆಯನ್ನು ಹುಡುಕಬೇಡಿ, ಅದರ ತುಣುಕನ್ನು ಹುಡುಕಿ. ಲಂಬವಾದ ಕಾಂಡಗಳ ನಡುವೆ ಒಂದು ಅಡ್ಡಗೆರೆ, ಅಂದರೆ ಬೆನ್ನು. ನೊಣಕ್ಕೆ ಮಿಡಿಯುವ ಕಿವಿ. ಮೂಗಿನ ಒದ್ದೆ ಹೊಳಪು. ನೆಲದಲ್ಲಿ ಎರಡು ಸೀಳಿನ ಗೊರಸಿನ ಗುರುತು ಅಂಚು ಚೂಪಾಗಿ ಇದ್ದರೆ ಹೊಸದು, ಅಂಚು ಉದುರಿ ಒಳಗೆ ಕಸ ಬಿದ್ದಿದ್ದರೆ ಹಳೆಯದು. ಹಿಕ್ಕೆ ಹೊಳೆಯುತ್ತ ಮೆತ್ತಗಿದ್ದರೆ ಜಿಂಕೆ ದೂರ ಹೋಗಿಲ್ಲ.

ಒಂದು ಕಂಡಾಗ ಅದರತ್ತ ಹೊರಡಬೇಡಿ. ಉಳಿದವು ಎಲ್ಲಿವೆ ಎಂದು ನೋಡಿ. ನಿಮ್ಮನ್ನು ಹಿಡಿದುಕೊಡುವುದು ನೀವು ಕಂಡ ಜಿಂಕೆಯಲ್ಲ, ಪಕ್ಕದ ಪೊದೆಯ ಹಿಂದೆ ನಿಂತ, ನೀವು ಕಾಣದ ಹೆಣ್ಣು ಜಿಂಕೆ. ಎಲ್ಲವನ್ನೂ ಎಣಿಸಿದ ಮೇಲೆ ದಾರಿಯಲ್ಲಿ ಮೂರು ಗುರುತು ಇಟ್ಟುಕೊಳ್ಳಿ: ಬಾಗಿದ ಮರ, ಬಿಳಿ ಬಂಡೆ, ಹುತ್ತ, ಯಾವುದಾದರೂ ಸರಿ. ಹಳ್ಳಕ್ಕೆ ಇಳಿದು ಆಚೆ ಹತ್ತಿದಾಗ ಅದೇ ಮರ ಬೇರೆ ಮರದಂತೆ ಕಾಣುತ್ತದೆ, ಆದ್ದರಿಂದ ಹೊರಡುವ ಮೊದಲೇ ಅದು ಆ ಬದಿಯಿಂದ ಹೇಗೆ ಕಾಣಬಹುದೆಂದು ಊಹಿಸಿಕೊಳ್ಳಿ. ದಿಣ್ಣೆಯ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ನಿಲ್ಲಲೇಬೇಡಿ.

ಕೊನೆಯ 100 ಮೀಟರ್

ಈ ದೂರಕ್ಕೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಅವಸರವಿದ್ದರೆ ಇಲ್ಲಿಂದಲೇ ನೋಡಿ ಹಿಂದಿರುಗಿ.

ಹೆಜ್ಜೆ ಹೀಗೆ. ದೇಹದ ಭಾರವೆಲ್ಲ ಹಿಂದಿನ ಕಾಲಿನ ಮೇಲಿರಲಿ. ಮುಂದಿನ ಕಾಲನ್ನು ಹುಲ್ಲಿನ ಮೇಲೆ ಎತ್ತಿ ತನ್ನಿ, ಎಳೆಯಬೇಡಿ. ಪಾದದ ಹೊರ ಅಂಚು ಮೊದಲು ನೆಲ ಮುಟ್ಟಲಿ, ನಂತರ ನಿಧಾನವಾಗಿ ಒಳಗಡೆಗೆ ಉರುಳಿಸಿ. ಅಡಿಯಲ್ಲಿ ಕಡ್ಡಿ ಸಿಕ್ಕಿದರೆ ಕಾಲು ತಿಳಿಸುತ್ತದೆ. ಭಾರ ಇನ್ನೂ ಹಿಂದೆಯೇ ಇರುವುದರಿಂದ ಕಾಲೆತ್ತಿ ಬೇರೆ ಜಾಗ ನೋಡಬಹುದು. ನೆಲ ಗಟ್ಟಿ ಎಂದು ಗೊತ್ತಾದ ಮೇಲೆ ಮಾತ್ರ ಭಾರ ಮುಂದಕ್ಕೆ ತನ್ನಿ. ಯಾವ ಕ್ಷಣದಲ್ಲಿ ನಿಲ್ಲಬೇಕಾಗಿ ಬಂದರೂ ಒಂಟಿಕಾಲಿನಲ್ಲಿ ಅಲುಗದೆ ನಿಲ್ಲುವಷ್ಟು ಸಮತೋಲ ಇರಬೇಕು. ಇದನ್ನು ಮನೆಯ ಅಂಗಳದಲ್ಲಿ ವಾರವಿಡೀ ಅಭ್ಯಾಸ ಮಾಡಿ. ಕಾಡಿಗೆ ಬಂದು ಕಲಿಯುತ್ತೇನೆ ಎನ್ನುವವರನ್ನು ನಾನು ಜೊತೆಗೆ ಕರೆದೊಯ್ಯುವುದಿಲ್ಲ.

ತರಗೆಲೆಯ ಮೇಲೆ ಪೂರ್ತಿ ಸದ್ದಿಲ್ಲದೆ ನಡೆಯಲು ಯಾರಿಂದಲೂ ಆಗದು, ಆಗಬೇಕಾಗಿಯೂ ಇಲ್ಲ. ಕಾಡು ಸದ್ದಿನಿಂದ ತುಂಬಿದೆ. ಜಿಂಕೆಯನ್ನು ಬೆಚ್ಚಿಬೀಳಿಸುವುದು ಲಯ: ಒಂದೇ ಅಂತರದಲ್ಲಿ ಬೀಳುವ ಎರಡು ಕಾಲಿನ ಹೆಜ್ಜೆ. ಎರಡು ಹೆಜ್ಜೆ ಹಾಕಿ, ನಿಂತು, ಒಂದು ಹೆಜ್ಜೆ ಹಾಕಿ, ಇನ್ನೂ ಹೆಚ್ಚು ಹೊತ್ತು ನಿಲ್ಲಿ. ಗಾಳಿ ಬೀಸಿ ಎಲೆಗಳು ಸದ್ದು ಮಾಡುವಾಗ ಮುಂದೆ ಸಾಗಿ, ಗಾಳಿ ನಿಂತಾಗ ನೀವೂ ನಿಲ್ಲಿ. ಕಡ್ಡಿ ಮುರಿದೇಬಿಟ್ಟರೆ ಎರಡು ಮೂರು ನಿಮಿಷ ಕಲ್ಲಾಗಿ ನಿಲ್ಲಬೇಕು. ಒಂದೇ ಸದ್ದನ್ನು ಜಿಂಕೆ ಕ್ಷಮಿಸುತ್ತದೆ, ಅದರ ಹಿಂದೆಯೇ ಬಂದ ಎರಡನೆಯ ಸದ್ದನ್ನು ಕ್ಷಮಿಸುವುದಿಲ್ಲ.

ಇನ್ನು, ಯಾವಾಗ ಚಲಿಸಬೇಕು? ಜಿಂಕೆಯ ತಲೆ ತಗ್ಗಿ ಮೇಯುತ್ತಿರುವಾಗ ಮಾತ್ರ. ಅದರ ಕಣ್ಣುಗಳು ತಲೆಯ ಎರಡು ಬದಿಗಳಲ್ಲಿವೆ, ಬೆನ್ನ ಹಿಂದಿನ ಒಂದಿಷ್ಟು ಭಾಗ ಬಿಟ್ಟರೆ ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ. ಸೂಕ್ಷ್ಮ ವಿವರ ಅಷ್ಟಾಗಿ ಕಾಣದು, ಚಲನೆ ಮಾತ್ರ ತಪ್ಪದೆ ಕಾಣುತ್ತದೆ. ಬಹಳಷ್ಟು ಸಲ ತಲೆ ಎತ್ತುವ ಮುನ್ನ ಬಾಲ ಒಮ್ಮೆ ಮಿಡಿಯುತ್ತದೆ. ಬಾಲ ಮಿಡಿದಾಗಲೇ ನಿಂತುಬಿಡಿ, ತಲೆ ಎದ್ದ ಮೇಲೆ ನಿಲ್ಲಲು ಹೋದರೆ ತಡವಾಯಿತು. ಮೇಯುತ್ತಿರುವಾಗಲೇ ಒಂದು ಕಿವಿ ನಿಮ್ಮತ್ತ ತಿರುಗಿದ್ದರೂ ಕಾಯಿರಿ.

ಜನ ಸೋಲುವುದು ಇದರ ನಂತರದ ಘಟ್ಟದಲ್ಲಿ. ಅನುಮಾನ ಬಂದ ಜಿಂಕೆ ನಿಮ್ಮನ್ನೇ ದಿಟ್ಟಿಸಿ, ಏನೂ ಇಲ್ಲವೆಂಬಂತೆ ತಲೆ ತಗ್ಗಿಸಿ, ಬಾಯಿ ಹುಲ್ಲು ಮುಟ್ಟುವ ಮೊದಲೇ ಥಟ್ಟನೆ ಮತ್ತೆ ಎತ್ತುತ್ತದೆ. ಅದು ಪರೀಕ್ಷೆ. ತಲೆ ತಗ್ಗಿತೆಂದು ನೀವು ಕಾಲೆತ್ತಿದ್ದರೆ ಸಿಕ್ಕಿಬಿದ್ದಿರಿ. ಈ ಆಟವನ್ನು ಅದು ಎರಡು ಮೂರು ಸಲ ಆಡಬಹುದು. ತಲೆ ತಗ್ಗಿದ ಮೇಲೆ ದವಡೆ ನಿಜಕ್ಕೂ ಮೇಯುತ್ತಿದೆಯೇ, ಕತ್ತಿನ ಬಿಗಿ ಸಡಿಲಾಗಿದೆಯೇ ನೋಡಿ. ಆಮೇಲೂ ನಿಧಾನವಾಗಿ ಹತ್ತು ಎಣಿಸಿ. ದಿಟ್ಟಿಸುತ್ತಿರುವಾಗ ಅದರ ಕಣ್ಣಿಗೆ ಕಣ್ಣು ಸೇರಿಸದೆ, ರೆಪ್ಪೆಗಳನ್ನು ಅರೆಮುಚ್ಚಿ ಅದರ ಕಾಲಿನತ್ತ ನೋಡಿ. ಸೊಳ್ಳೆ ಕಚ್ಚಿದರೆ ಕಚ್ಚಲಿ. ಬೈನಾಕ್ಯುಲರ್ ಅರ್ಧ ಎತ್ತಿದ್ದರೆ ಅರ್ಧದಲ್ಲೇ ಇರಲಿ, ತೋಳು ಉರಿದರೂ ಇಳಿಸಬಾರದು.

ಮುಂಗಾಲನ್ನು ನೆಲಕ್ಕೆ ಬಡಿಯಿತು ಎಂದರೆ ಅದು ನಿಮ್ಮನ್ನು ಅಲುಗಾಡಿಸಲು ನೋಡುತ್ತಿದೆ, ಜೊತೆಯವುಗಳಿಗೂ ಸುದ್ದಿ ಮುಟ್ಟಿಸುತ್ತಿದೆ. ಆಗ ಮುಂದುವರಿಯುವ ಯೋಚನೆ ಬಿಡಿ. ಎಚ್ಚರಿಕೆಯ ಕೂಗು ಹೊರಟಿದ್ದರೆ ಆ ದಿನದ ಕೆಲಸ ಮುಗಿಯಿತು, ಹಿಂಬಾಲಿಸಬಾರದು. ಬೆನ್ನಟ್ಟಿಸಿಕೊಂಡ ಜಿಂಕೆ ಮೇವು ಬಿಟ್ಟು ಓಡುವುದರಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ.

ಮರೆಗೆ ನಿಂತು ನೋಡುವಾಗ ಬಂಡೆಯ ಮೇಲಿನಿಂದ ತಲೆ ಎತ್ತದೆ, ಬದಿಯಿಂದ, ನೆಲದ ಹತ್ತಿರದಿಂದ ಇಣುಕಿ. ಪೊದೆಯ ಹಿಂದೆ ನಿಲ್ಲುವುದಕ್ಕಿಂತ ಅದರ ಮುಂದೆ, ನೆರಳಿನಲ್ಲಿ, ಅದಕ್ಕೆ ಬೆನ್ನು ಕೊಟ್ಟು ಕೂರುವುದು ಒಳ್ಳೆಯದು. ಹಿಂದೆ ನಿಂತವರು ನೋಡಲು ಪದೇ ಪದೇ ಅಲುಗಬೇಕಾಗುತ್ತದೆ. ಮಲಗಿ ಮೆಲುಕು ಹಾಕುವ ಜಿಂಕೆಯತ್ತ ಹೋಗಲೇಬೇಡಿ. ಅದು ಮಲಗುವ ಜಾಗವನ್ನು ಆರಿಸುವುದೇ ಒಂದು ಕಡೆಯನ್ನು ಮೂಗಿನಿಂದ, ಇನ್ನೊಂದು ಕಡೆಯನ್ನು ಕಣ್ಣಿನಿಂದ ಕಾಯುವಂತೆ. ಎದ್ದು ಮೇಯುವವರೆಗೆ ದೂರದಲ್ಲೇ ಇರಿ.

ಎಲ್ಲಿ ನಿಲ್ಲಬೇಕು

ಜಿಂಕೆ ಮೇಯುವುದನ್ನು ನಿಲ್ಲಿಸಿದ ಜಾಗವೇ ಗಡಿ. ಅಲ್ಲಿಂದ ಒಂದು ಹೆಜ್ಜೆಯೂ ಮುಂದೆ ಬೇಡ. ಬೆದೆಯ ಕಾಲದಲ್ಲಿ ಕೊಂಬಿನ ಗಂಡು ಎಚ್ಚರ ತಪ್ಪಿರುವುದರಿಂದ ಸುಲಭವಾಗಿ ಹತ್ತಿರ ಸಿಗುತ್ತದೆ. ಅದೇ ಕಾಲದಲ್ಲಿ ಮನುಷ್ಯನ ಮೇಲೂ ನುಗ್ಗಬಲ್ಲದು, ಹಾಗಾಗಿ ದೊಡ್ಡ ಜಾತಿಯ ಗಂಡುಗಳಿಂದ ಆಗ ದೂರವಿರಿ. ಹುಲ್ಲಿನಲ್ಲಿ ಒಂಟಿಯಾಗಿ ಮುದುಡಿ ಮಲಗಿದ ಮರಿ ಕಂಡರೆ ಅದು ತಬ್ಬಲಿ ಎಂದುಕೊಂಡು ಎತ್ತಿಕೊಳ್ಳಬೇಡಿ. ತಾಯಿ ಅದನ್ನು ಬೇಕೆಂದೇ ಅಲ್ಲಿ ಅಡಗಿಸಿ ಮೇಯಲು ಹೋಗಿರುತ್ತದೆ, ಹಾಲೂಡಿಸಲು ಬರುತ್ತದೆ. ನೀವು ಅಲ್ಲಿಯೇ ನಿಂತಿದ್ದರೆ ಅದು ಬರಲಾರದು.

ಹಿಂದಿರುಗುವಾಗಲೂ ಬಂದ ದಾರಿಯಲ್ಲೇ, ಅದೇ ನಿಧಾನದಲ್ಲಿ, ಮೊದಲ ಮರೆ ಸಿಗುವವರೆಗೆ ಮುಖ ಜಿಂಕೆಯತ್ತಲೇ ಇಟ್ಟು ಹಿಂದಕ್ಕೆ ಸರಿಯಿರಿ. ಎದ್ದು ನಿಂತು ಮೈಮುರಿದು ಮಾತಿಗೆ ತೊಡಗುವವರಿಂದಾಗಿ, ಮರುದಿನ ಅದೇ ಜಾಗಕ್ಕೆ ಬಂದವರಿಗೆ ಏನೂ ಕಾಣಸಿಗುವುದಿಲ್ಲ. ದಿಣ್ಣೆ ದಾಟಿದ ಮೇಲೆ ಕುಳಿತು ನೀರು ಕುಡಿಯಿರಿ, ಕಾಲುಚೀಲ ಬಿಚ್ಚಿ ಉಣುಗು ಹತ್ತಿದೆಯೇ ನೋಡಿಕೊಳ್ಳಿ. ಗಾಳಿ ಯಾವ ದಿಕ್ಕಿನಿಂದಿತ್ತು, ಎಷ್ಟು ಹೊತ್ತಿಗೆ ತಿರುಗಿತು ಎಂಬುದನ್ನು ಮರೆಯುವ ಮುನ್ನ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಯಾವ ಬದಿಯಿಂದ ಹತ್ತಬೇಕೆಂದು ಆ ಎರಡು ಸಾಲು ಹೇಳುತ್ತವೆ.